ಮಾನವ ಲೈಸೊಜೈಮ್ ಈ. ಕೋಲೈನಲ್ಲೇ ಆಯ್ತು: ನನ್ನ ಅನುಭವ

ಲೈಸೊಜೈಮ್ ಅಂದರೆ ಕಣ್ಣೀರು, ಜೊಲ್ಲಿನಲ್ಲಿರುವ, ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಎನ್‌ಜೈಮ್. ಅದನ್ನು ಈ. ಕೋಲೈ ಬ್ಯಾಕ್ಟೀರಿಯಾದಲ್ಲಿ ಮಾಡಿಸಲು ಹೊರಟಾಗ, "ಈ. ಕೋಲೈನಲ್ಲಿ ಆಗಲ್ಲ, ಸುಮ್ನೆ ಪಿಚಿಯಾ ಹಿಡೀರಿ" (ಪಿಚಿಯಾ ಒಂದು ಯೀಸ್ಟ್) ಅಂತ ಹೇಳದವರೇ ಇರಲಿಲ್ಲ. ನಾಲ್ಕು ಡೈಸಲ್ಫೈಡ್ (ಗಂಧಕದ ಕೊಂಡಿ) ಇರುವ ಪ್ರೋಟೀನನ್ನು ಇನ್‌ಕ್ಲೂಷನ್ ಬಾಡಿಯಿಂದ (ಜೀವಕೋಶದೊಳಗೆ ತಪ್ಪಾಗಿ ಮಡಿಚಿ ಗಟ್ಟಿಯಾದ ಮುದ್ದೆಯಿಂದ) ಎತ್ತಿ ರೀಫೋಲ್ಡ್ ಮಾಡುವುದು, ಅಂದರೆ ಸರಿಯಾದ ಆಕಾರಕ್ಕೆ ಮತ್ತೆ ಮಡಿಚುವುದು, ದುಡ್ಡು ದಂಡ ಅಂದರು. ಈಗ ಲೀಟರ್ ಕಲ್ಚರಿಗೆ ಸುಮಾರು 8–10 ಮಿಲಿಗ್ರಾಂ ಶುದ್ಧ ಮಾನವ ಲೈಸೊಜೈಮ್ ನಮ್ಮ ಕೈಗೆ ಬರುತ್ತಿದೆ. ಅದೂ ಮಾಮೂಲಿ ಬಿಎಲ್21 ತಳಿಯಲ್ಲಿ.

ಕೊಂಡುಕೊಳ್ಳಬಹುದಿತ್ತಲ್ವಾ? ಭತ್ತದಲ್ಲಿ ತಯಾರಿಸಿದ್ದು ಮಾರಾಟಕ್ಕಿದೆ, ನಿಜ. ಆದರೆ ನಮ್ಮದು ಅಮಿಲಾಯ್ಡ್ ಕೆಲಸ, ಅಂದರೆ ಪ್ರೋಟೀನ್ ತಪ್ಪಾಗಿ ಮಡಿಚಿ ನಾರುಗಳಾಗಿ ಅಂಗಗಳಲ್ಲಿ ಕೂರುವ ಕಾಯಿಲೆಯದು. 1993ರಲ್ಲಿ ಪತ್ತೆಯಾದ ಆ ಕಾಯಿಲೆ ತರುವ ಐ56ಟಿ, ಡಿ67ಎಚ್ ರೂಪಾಂತರಗಳು (ತಲಾ ಒಂದು ಅಮೈನೊ ಆಮ್ಲ ಬದಲಾದವು) ನಮಗೆ ಬೇಕು. ಅವನ್ನು ನಾವೇ ಮಾಡಿಕೊಳ್ಳಬೇಕು. ಹೋಲಿಕೆಯ ವೈಲ್ಡ್ ಟೈಪ್ (ಬದಲಾಗದ ಮೂಲ ರೂಪ) ಕೂಡ ಅದೇ ದಾರಿಯಲ್ಲಿ ಬಂದಿರಬೇಕು. ಯಾಕೆಂದರೆ ಈ ಪ್ರೋಟೀನಿನ ಮೊದಲ ಅಮೈನೊ ಆಮ್ಲ ಲೈಸಿನ್. ಪ್ರೋಟೀನ್ ಕಟ್ಟಲು ಶುರುಮಾಡುವಾಗ ಅದಕ್ಕೂ ಮೊದಲು ಸೇರುವ ಮೆಥಿಯೊನಿನ್ ಅನ್ನು ಈ. ಕೋಲೈ ಕತ್ತರಿಸುವುದಿಲ್ಲ. ಬಾಟಲಿಯಲ್ಲಿ ಬಂದದ್ದಕ್ಕೆ ಅದು ಇರುವುದಿಲ್ಲ. ಆ ಎರಡನ್ನು ಪಕ್ಕಪಕ್ಕ ಇಟ್ಟು ಸ್ಥಿರತೆ ಅಳೆದರೆ ಏನು ಹೇಳಲು ಬರುತ್ತದೆ?

ಎಕ್ಸ್‌ಪ್ರೆಷನ್ (ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸುವ ಹಂತ) ಬಗ್ಗೆ ಹೇಳುವುದೇನಿಲ್ಲ. ಪ್ರೋಟೀನುಗಳನ್ನು ಗಾತ್ರದ ಮೇಲೆ ಬೇರ್ಪಡಿಸುವ ಜೆಲ್‌ನಲ್ಲಿ, ಲೈಸೊಜೈಮ್ ಇರಬೇಕಾದ 14–15 ಕಿಲೊಡಾಲ್ಟನ್ ಹತ್ತಿರ ದಪ್ಪ ಬ್ಯಾಂಡ್ ಮೊದಲ ಸಲವೇ ಕಂಡಿತು.

ಕಾಡಿದ್ದು ಪೆಲೆಟ್ (ತಳದಲ್ಲಿ ಕೂತ ಇನ್‌ಕ್ಲೂಷನ್ ಬಾಡಿ) ತೊಳೆಯುವ ಹಂತ. ಎಲ್ಲರೂ ಮಾಡುವ ಹಾಗೆ ಟ್ರೈಟನ್ ಎಂಬ ಡಿಟರ್ಜೆಂಟ್‌ನಲ್ಲಿ ತೊಳೆದೆವು. ಜೆಲ್ ಚೆನ್ನಾಗಿತ್ತು. ರೀಫೋಲ್ಡಿಂಗ್ ಬಫರಿಗೆ ಬಿಟ್ಟ ಕೂಡಲೇ ಮಾತ್ರ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗುತ್ತಿತ್ತು. ಬಫರ್ ಬದಲಿಸಿದೆವು, ಪಿಎಚ್ ಬದಲಿಸಿದೆವು. ತಪ್ಪು ಎಲ್ಲಿ ಅಂತ ಸಿಕ್ಕಿದ್ದು 260 ನ್ಯಾನೊಮೀಟರ್ ಬೆಳಕಿನಲ್ಲಿ ಓದಿದಾಗ: ಡಿಎನ್‌ಎ. ಲೈಸೊಜೈಮ್ ಮೈತುಂಬ ಧನ ಆವೇಶ ಹೊತ್ತ ಪ್ರೋಟೀನ್, ಡಿಎನ್‌ಎ ಅದಕ್ಕೆ ಅಂಟಿಕೊಂಡೇ ಬರುತ್ತದೆ. ಜೆಲ್‌ಗೆ ಹಾಕುವ ಕೂಮಾಸಿ ಬಣ್ಣದಲ್ಲಿ ಅದು ಕಾಣುವುದಿಲ್ಲ. ಮೊದಲು ನ್ಯೂಕ್ಲಿಯೇಸ್ (ಡಿಎನ್‌ಎ ಕತ್ತರಿಸುವ ಎನ್‌ಜೈಮ್), ಆಮೇಲೆ 1 ಮೋಲಾರ್ ಉಪ್ಪು, ಕೊನೆಗೆ ಟ್ರೈಟನ್. ಮಸುಕು ಮುಕ್ಕಾಲು ಪಾಲು ಅಲ್ಲೇ ಹೋಯಿತು.

ದುಡ್ಡು ತಿಂದದ್ದು ಆರ್ಜಿನಿನ್, ರೀಫೋಲ್ಡಿಂಗ್ ವೇಳೆ ಪ್ರೋಟೀನ್ ಮುದ್ದೆಯಾಗದಂತೆ ಹಾಕುವ ಅಮೈನೊ ಆಮ್ಲ. ಅರ್ಧ ಮೋಲಾರ್ ಅಂದರೆ ಲೀಟರಿಗೆ ಸುಮಾರು 105 ಗ್ರಾಂ ಆರ್ಜಿನಿನ್ ಹೈಡ್ರೋಕ್ಲೋರೈಡ್! ನಮ್ಮ ಗ್ರ್ಯಾಂಟ್‌ನಲ್ಲಿ ಅದು ನಡೆಯುವ ಮಾತಲ್ಲ. ಅದನ್ನು ಬಿಟ್ಟು ಅದೇ ಕೆಲಸಕ್ಕೆ 2 ಮೋಲಾರ್ ಯೂರಿಯಾಗೆ ಬಂದೆವು. ಯೂರಿಯಾ ಅವತ್ತೇ ಕರಗಿಸಿದ್ದಿರಬೇಕು. ಹಳೆಯದರಲ್ಲಿ ಸಯನೇಟ್ ಸೇರಿ ಲೈಸಿನ್‌ಗಳನ್ನು ಕೆಡಿಸುತ್ತದೆ, ಈ ಪ್ರೋಟೀನಿನಲ್ಲಿ ಅವು ಐದಿವೆ. ಬಫರ್ ಟ್ರಿಸ್ ಆದರೆ ಒಳ್ಳೆಯದು, ಸ್ವಲ್ಪ ಸಯನೇಟನ್ನು ಅದೇ ಹಿಡಿದುಕೊಳ್ಳುತ್ತದೆ.

ಡಯಾಲಿಸಿಸ್ (ಚೀಲದಲ್ಲಿಟ್ಟು ಯೂರಿಯಾವನ್ನು ಮೆಲ್ಲಗೆ ಹೊರಗೆ ಬಿಡುವುದು) ಬೇಡವೇ ಬೇಡ. ಯೂರಿಯಾ ನಿಧಾನವಾಗಿ ಇಳಿಯುವಾಗ ಅರೆಬರೆ ಮಡಿಚಿದ ಅಣುಗಳು ಒಂದಕ್ಕೊಂದು ಅಂಟಿ ಚೀಲದಲ್ಲೇ ಮುದ್ದೆಯಾಗುತ್ತವೆ. ನಾವು ಗೆದ್ದದ್ದು ಕಂತಿನಲ್ಲಿ ಬಿಟ್ಟು. ಪೂರ್ತಿ ರೆಡ್ಯೂಸ್ ಆದ (ಡೈಸಲ್ಫೈಡ್ ಎಲ್ಲ ಬಿಚ್ಚಿದ) ಪ್ರೋಟೀನನ್ನು ಆಮ್ಲದಲ್ಲಿ ಹಿಡಿದಿಟ್ಟುಕೊಂಡು, ಪಿಎಚ್ 8.5ರ ಸುತ್ತ ಇರುವ, ಡೈಸಲ್ಫೈಡ್ ಸರಿಯಾಗಿ ಕೂರಲು ನೆರವಾಗುವ ಗ್ಲುಟಾಥಯೋನ್ ಬಫರಿಗೆ ಸ್ವಲ್ಪ ಸ್ವಲ್ಪವೇ ಬಿಡಬೇಕು. ಪ್ರತಿ ಕಂತು ಮಿಲಿಲೀಟರಿಗೆ 30–40 ಮೈಕ್ರೊಗ್ರಾಂ ಮೀರಬಾರದು. ಮೊದಲಿನದು ಮಡಿಚಿದ ಮೇಲೇ ಮುಂದಿನದು. ಎಷ್ಟು ಹೊತ್ತು ಕಾಯಬೇಕು, ಗ್ಲುಟಾಥಯೋನ್ ಅನುಪಾತವನ್ನು ಯಾವ ಕಂತಿನಲ್ಲಿ ಬದಲಿಸುತ್ತೇವೆ ಅನ್ನುವುದನ್ನು ಸದ್ಯಕ್ಕೆ ಬರೆಯುವುದಿಲ್ಲ. ನಮ್ಮ ವಿದ್ಯಾರ್ಥಿನಿಯ ಥೀಸಿಸ್ ಮುಗಿಯಲಿ.

ಮಧ್ಯೆ ಕೋಳಿಮೊಟ್ಟೆಯ ಲೈಸೊಜೈಮ್ ಮೇಲೆ ಕೈ ಪಳಗಿಸಿಕೊಂಡೆವು. ಅಗ್ಗ, ಗ್ರಾಂಗಟ್ಟಲೆ ಸಿಗುತ್ತದೆ. ಬಿಚ್ಚಿ ಮಡಿಚಿ ಆಡಬಹುದು. ಡೈಸಲ್ಫೈಡನ್ನು ಒಳಗೇ ಕಟ್ಟುವ ಈ. ಕೋಲೈ ತಳಿಯನ್ನೂ ನೋಡಿದೆವು. ಕರಗುವ ಪ್ರೋಟೀನ್ ಬಂತು, ಆದರೆ ಕೆಲಸಕ್ಕೆ ಸಾಲುವಷ್ಟಲ್ಲ.

ಶುದ್ಧ ಮಾಡುವ ಕಾಲಮ್ ಸುಲಭ. ಸರಿಯಾಗಿ ಮಡಿಚಿದ್ದು ಧನ ಆವೇಶದ ಪ್ರೋಟೀನುಗಳು ಅಂಟುವ ಎಸ್‌ಪಿ ರೆಸಿನ್ ಹಿಡಿದು ಕೂರುತ್ತದೆ, ಉಪ್ಪು ಏರಿಸಿದಾಗ ಚೂಪಾದ ಒಂದೇ ಪೀಕ್. ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್‌ನಲ್ಲಿ ರೆಡ್ಯೂಸ್ಡ್ ರೂಪಕ್ಕಿಂತ 8 ಡಾಲ್ಟನ್ ಕಡಿಮೆ, ಅಂದರೆ ನಾಲ್ಕೂ ಡೈಸಲ್ಫೈಡ್ ಕೂತಿವೆ. ಮೈಕ್ರೊಕಾಕಸ್ ಬ್ಯಾಕ್ಟೀರಿಯಾ ಒಡೆಯುವುದನ್ನು ಅಳೆಯುವ ಅಸ್ಸೇಯಲ್ಲಿ 450 ನ್ಯಾನೊಮೀಟರ್ ಓದು ಇಳಿಯುವ ವೇಗ ಕೊಂಡ ಎನ್‌ಜೈಮಿಗೆ ಹೆಚ್ಚುಕಡಿಮೆ ಸಮ. ಪಿಚಿಯಾ ಅಂದವರಿಗೆ ಆ ಗ್ರಾಫನ್ನೇ ಕಳಿಸಿದೆ. ಇಬ್ಬರು ಪ್ಲಾಸ್ಮಿಡ್ (ಈ ಜೀನ್ ಹೊತ್ತ ಡಿಎನ್‌ಎ) ಕೇಳಿದ್ದಾರೆ.

ಡಿ67ಎಚ್ ಇನ್ನೂ ಮಣಿದಿಲ್ಲ, ಇಳುವರಿ ಅರ್ಧಕ್ಕಿಂತ ಕಡಿಮೆ. ಅದರ ರಚನೆಯೇ ಸಡಿಲ. ಈಗ ಕೋಲ್ಡ್ ರೂಮಿನಲ್ಲಿ ಇನ್ನೂ ಚಿಕ್ಕ ಕಂತುಗಳಲ್ಲಿ ಬಿಟ್ಟು ನೋಡುತ್ತಿದ್ದೇವೆ.