ಹಳೇ ಸಿವ್, ಹೊಸ ಸಿವ್: ಒಂದೇ ದಂಡಯಾತ್ರೆಯನ್ನು ನಾಲ್ಕು ಗೇಮ್‌ಗಳಲ್ಲಿ ಆಡಿ ನೋಡಿದೆ

ಊರು ಕಟ್ಟಿ, ರಾಜ್ಯ ಬೆಳೆಸಿ, ಯುದ್ಧ ಮಾಡುವ ಕಂಪ್ಯೂಟರ್ ಗೇಮ್ ಸಿವಿಲೈಸೇಶನ್. ಅದನ್ನು ಆಡುವವರು ಇಬ್ಬರು ಸಿಕ್ಕರೆ ಮಾತು ಬೇಗ ಒಂದೇ ಕಡೆ ಬಂದು ನಿಲ್ಲುತ್ತದೆ. ಹಳೇದು ಚೆನ್ನಾಗಿತ್ತಾ, ಹೊಸದು ಚೆನ್ನಾಗಿದೆಯಾ? ಈ ವಾದದಲ್ಲಿ ನಾನು ತುಂಬಾ ಸಲ ಕೂತಿದ್ದೇನೆ. ಎಲ್ಲರೂ ನೆನಪಿನ ಮೇಲೆ ಮಾತಾಡುತ್ತಾರೆ. ಈ ಸರಣಿಯ ನಾಲ್ಕನೆಯದು, ಅಂದರೆ 4, ಬಂದಿದ್ದು 2005ರಲ್ಲಿ. ಆಗ ನನಗೆ ರಜೆ ಇತ್ತು, ರಾತ್ರಿಯೆಲ್ಲ ನನ್ನದೇ ಆಗಿತ್ತು. 6 ಬಂದಿದ್ದು 2016ರಲ್ಲಿ. ಅಷ್ಟೊತ್ತಿಗೆ ಕೆಲಸ, ಸಂಸಾರ ಎಲ್ಲಾ ಬಂದಿತ್ತು. ನೆನಪು ನಂಬಿಕೊಂಡು ಈ ಎರಡನ್ನು ತೂಗಿದರೆ ತಕ್ಕಡಿಯಲ್ಲಿ ಕೂರುವುದು ನಮ್ಮ ವಯಸ್ಸೇ ಅಲ್ವಾ?

ಅದಕ್ಕೆ 4, 5, 6, 7 ನಾಲ್ಕನ್ನೂ ಒಂದೇ ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಒಂದೇ ಕೆಲಸವನ್ನು ನಾಲ್ಕರಲ್ಲೂ ಮಾಡಿ ನೋಡುವುದು ಎಂದು ತೀರ್ಮಾನಿಸಿದೆ. ಭಾರತ ತೆಗೆದುಕೊಳ್ಳಬೇಕು. ಕೆಲವು ಊರು ಕಟ್ಟಬೇಕು. ಕೋವಿಮದ್ದು ಬರುವ ಮೊದಲೇ ಪಕ್ಕದ ರಾಜ್ಯದ ರಾಜಧಾನಿ ಗೆಲ್ಲಬೇಕು. ಮ್ಯಾಪ್ ಪ್ಯಾಂಜಿಯಾ, ಅಂದರೆ ಎಲ್ಲರೂ ಒಂದೇ ನೆಲದ ಮೇಲೆ. ವೇಗ ಸಾಧಾರಣ. ಪಕ್ಕದಲ್ಲಿ ಒಂದು ನೋಟ್‌ಬುಕ್. ಪ್ರತಿ ಟರ್ನ್ (ನಮ್ಮ ಒಂದು ಸರದಿ) ಮುಗಿಸುವ ಮೊದಲು ನಾನು ಯಾವುದರ ಬಗ್ಗೆ ಜಾಸ್ತಿ ಹೊತ್ತು ಯೋಚಿಸಿದೆ ಎಂದು ಒಂದು ಸಾಲು ಬರೆಯುವುದು. ಯಾವುದು ಹೆಚ್ಚು ಖುಷಿ ಕೊಟ್ಟಿತು ಅಂತ ಬರೆದಿಟ್ಟರೆ ಆಮೇಲೆ ಏನೂ ತಿಳಿಯುವುದಿಲ್ಲ. ಯಾವುದರ ಬಗ್ಗೆ ಯೋಚಿಸಿದೆ ಅಂತ ಬರೆದರೆ ತಿಳಿಯುತ್ತದೆ.

ಹೀಗೆ ಹೋಲಿಸಲು ಹೊರಡುವವರು ಎರಡು ವಿಷಯ ಗಮನಿಸಬೇಕು. ಮೊದಲನೆಯದು ಕಷ್ಟದ ಮಟ್ಟ. 5 ಮತ್ತು 6ರಲ್ಲಿ ನಮಗೂ ಕಂಪ್ಯೂಟರಿಗೂ ಸರಿಸಮ ಇರುವ ಮಟ್ಟದ ಹೆಸರು ಪ್ರಿನ್ಸ್. 4ರಲ್ಲಿ ಅದೇ ಜಾಗದಲ್ಲಿರುವುದು ನೋಬಲ್. ಪ್ರಿನ್ಸ್ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಹೆಸರು ಒಂದೇ ಎಂದು ಎರಡರಲ್ಲೂ ಪ್ರಿನ್ಸ್ ಒತ್ತಿದರೆ 4 ಸುಮ್ನೆ ಕಷ್ಟ ಅನ್ನಿಸುತ್ತದೆ. ಎರಡನೆಯದು, ಪೂರ್ತಿಯಾದ ಗೇಮನ್ನು ಪೂರ್ತಿಯಾದ ಗೇಮಿನ ಜೊತೆಗೇ ಇಡಬೇಕು. 2010ರಲ್ಲಿ 5 ಬಂದಾಗ ಅದರಲ್ಲಿ ಧರ್ಮವೂ ಇರಲಿಲ್ಲ, ಬೇಹುಗಾರಿಕೆಯೂ ಇರಲಿಲ್ಲ. 2012ರ ಗಾಡ್ಸ್ ಅಂಡ್ ಕಿಂಗ್ಸ್ ಎಂಬ ವಿಸ್ತರಣೆಯ ಜೊತೆ ಅವೆರಡೂ ಬಂದವು. ಹಾಗಾಗಿ 4ಕ್ಕೆ ಬಿಯಾಂಡ್ ದ ಸೋರ್ಡ್, 5ಕ್ಕೆ ಬ್ರೇವ್ ನ್ಯೂ ವರ್ಲ್ಡ್, 6ಕ್ಕೆ ಗ್ಯಾದರಿಂಗ್ ಸ್ಟಾರ್ಮ್ ಸೇರಿಸಿಯೇ ಆಡಿದೆ.

ಮೊದಲು 4. ಹೊಸ ಗೇಮ್‌ಗಳಿಂದ ಇಲ್ಲಿಗೆ ಬಂದವರಿಗೆ ಮೊದಲು ಹೊಡೆತ ಬೀಳುವುದು ಬೊಕ್ಕಸಕ್ಕೆ. ಇಲ್ಲಿ ಪ್ರತಿ ಹೊಸ ಊರಿಗೂ ನಿರ್ವಹಣೆಯ ಖರ್ಚು ಇದೆ. ರಾಜಧಾನಿಯಿಂದ ದೂರ ಹೋದಷ್ಟೂ, ಊರುಗಳ ಸಂಖ್ಯೆ ಏರಿದಷ್ಟೂ ಅದು ಏರುತ್ತದೆ. ಭಾರತದ ಊರುಗಳ ಪಟ್ಟಿಯಲ್ಲಿ ವಿಜಯನಗರ ಇದೆ. ಆ ಹೆಸರು ಮ್ಯಾಪಿನ ಮೇಲೆ ಬರಲಿ ಎಂಬ ಆಸೆಗೇ ಒಂದು ಊರು ಜಾಸ್ತಿ ಕಟ್ಟುವವನು ನಾನು. ಕಟ್ಟಿದೆ. ಅದಾದ ಸ್ವಲ್ಪ ಹೊತ್ತಿಗೆ ವಿಜ್ಞಾನಕ್ಕೆ ಹೋಗುವ ಹಣದ ಪಾಲನ್ನು ಕೆಳಗೆ ಎಳೆಯಬೇಕಾಯಿತು. ಇಲ್ಲದಿದ್ದರೆ ಖಜಾನೆ ಬರಿದು.

ಹಣ ಬರಬೇಕೆಂದರೆ ಊರಿನ ಸುತ್ತ ಕಾಟೇಜ್ ಎಂಬ ಗುಡಿಸಲು ಹಾಕಬೇಕು. ಅದು ಮೊದಲ ದಿನವೇ ಹಣ ಸುರಿಯುವುದಿಲ್ಲ. ಜನ ಅಲ್ಲಿ 10 ಟರ್ನ್ ದುಡಿದರೆ ಹ್ಯಾಮ್ಲೆಟ್, ಇನ್ನೂ 20ಕ್ಕೆ ವಿಲೇಜ್, ಅದರ ಮೇಲೆ 40ಕ್ಕೆ ಟೌನ್. ಒಟ್ಟು 70 ಟರ್ನ್. ಅಂದರೆ ಇವತ್ತು ಹಾಕಿದ ಕಾಟೇಜ್ ಯುದ್ಧ ಮುಗಿದ ಮೇಲೆ ಕೈ ಹಿಡಿಯುತ್ತದೆ. ಯುದ್ಧಕ್ಕೆ ಬೇಕಾದ, ಕಲ್ಲು ಎಸೆಯುವ ಕ್ಯಾಟಪಲ್ಟ್ ಮಾತ್ರ ಈಗಲೇ ಬೇಕು.

ಅದಕ್ಕೆ ಇನ್ನೊಂದು ದಾರಿ ಇದೆ. ಗುಲಾಮಗಿರಿಯ ಪದ್ಧತಿ ಒಪ್ಪಿಕೊಂಡರೆ ಊರಿನ ಜನರನ್ನೇ ಬಲಿ ಕೊಟ್ಟು ಕೆಲಸ ಬೇಗ ಮುಗಿಸಬಹುದು. ಜನಸಂಖ್ಯೆಯಲ್ಲಿ ಒಂದು ಕೊಟ್ಟರೆ 30 ಸುತ್ತಿಗೆ, ಅಂದರೆ ಅಷ್ಟು ಅಳತೆಯ ಕಟ್ಟುವ ಕೆಲಸ. 4 ಜನಸಂಖ್ಯೆಯ ಊರಿನಲ್ಲಿ ಎರಡು ಕೊಟ್ಟರೆ 60. ಒಂದು ಕ್ಯಾಟಪಲ್ಟ್‌ಗೆ ಬೇಕಾದ್ದು 50. ಮಿಕ್ಕ 10 ಮುಂದಿನದಕ್ಕೆ ಸೇರುತ್ತದೆ. ಊರಿನ ಸಿಟ್ಟು ಇಳಿಯಲು 10 ಟರ್ನ್ ಬೇಕು. ಗುಂಡಿ ಒತ್ತುವಾಗ ಈಗಲೂ ನನಗೆ ಮುಜುಗರ ಆಗುತ್ತದೆ, ಆಗಬೇಕಾದ್ದೇ. ಆದರೆ ಆ ಊರಿಗೆ ಅನ್ನ ಚೆನ್ನಾಗಿದ್ದರೆ 10 ಟರ್ನ್‌ನಲ್ಲಿ ಜನ ಮತ್ತೆ ತುಂಬಿಕೊಳ್ಳುತ್ತಾರೆ. ಹಾಗಾಗಿ ಲೆಕ್ಕ ಸರಿ ಹೋಗುವುದು ಸರಿಯಾದ ಟರ್ನ್‌ನಲ್ಲಿ ಒತ್ತಿದರೆ ಮಾತ್ರ.

ಇತ್ತ ನೆರೆಯವನ ಗಡಿಯಾರವೂ ಓಡುತ್ತಿರುತ್ತದೆ. ಅವನ ಬಳಿ ಬರೀ ಸಾದಾ ಬಿಲ್ಲುಗಾರರು ಇರುವವರೆಗೆ 8 ಬಲದ ಆನೆ ಮತ್ತು ಕ್ಯಾಟಪಲ್ಟ್ ಸಾಕು. ಅವನು ಫ್ಯೂಡಲಿಸಂ ಎಂಬ ವಿದ್ಯೆ ಕಲಿತ ಕೂಡಲೇ ಊರಿನ ಗೋಡೆಯ ಮೇಲೆ ಲಾಂಗ್‌ಬೋ ಹಿಡಿದ ಬಲವಾದ ಬಿಲ್ಲುಗಾರರು ಹತ್ತುತ್ತಾರೆ. ಅಲ್ಲಿಗೆ ಬಾಗಿಲು ಮುಚ್ಚಿದ ಹಾಗೆಯೇ. ಪ್ರತಿ ಟರ್ನ್ ಅವನ ಜೊತೆಗಿನ ಮಾತುಕತೆಯ ಪರದೆ ತೆರೆದು ಅವನಿಗೆ ಏನೇನು ಗೊತ್ತಾಗಿದೆ ಎಂದು ನೋಡುತ್ತಿದ್ದೆ. ಯುದ್ಧವಂತೂ ಸರಳ. ಇಡೀ ಸೈನ್ಯ ಮ್ಯಾಪಿನ ಒಂದೇ ಮನೆಯಲ್ಲಿ (ಚೌಕದಲ್ಲಿ) ಒಟ್ಟಿಗೆ ನಡೆಯುತ್ತದೆ. ಗೋಡೆಯ ರಕ್ಷಣೆ ಬೀಳಿಸಿ, ಮೊದಲ ಒಂದೆರಡು ಕ್ಯಾಟಪಲ್ಟ್‌ಗಳನ್ನು ಬಲಿ ಕೊಡಬೇಕು. ಅವು ಸಾಯುತ್ತಾ ಒಳಗಿನ ಗುಂಪಿನಲ್ಲಿ ಒಟ್ಟಿಗೇ ಹಲವರಿಗೆ ಗಾಯ ಮಾಡುತ್ತವೆ. ಆಮೇಲೆ ಆನೆ ನುಗ್ಗುತ್ತದೆ.

ನೋಟ್‌ಬುಕ್ ತೆರೆದು ನೋಡಿದರೆ 4ರ ಪುಟಗಳಲ್ಲಿ ಒಂದೇ ಪ್ರಶ್ನೆ ತಿರುಗಿ ತಿರುಗಿ ಬಂದಿತ್ತು. ಯಾವಾಗ? ಯಾವಾಗ ಬಲಿ ಕೊಡಲಿ, ಯಾವಾಗ ಊರು ಕಟ್ಟುವುದು ನಿಲ್ಲಿಸಲಿ, ಯಾವಾಗ ಹೊರಡಲಿ.

5ರ ಪುಟಗಳು ಬೇರೆಯೇ. ಇಲ್ಲಿ ಚೌಕದ ಮನೆ ಹೋಗಿ ಆರು ಮೂಲೆಯ ಮನೆ ಬಂತು. ಒಂದು ಮನೆಯಲ್ಲಿ ಒಂದೇ ದಂಡು ನಿಲ್ಲಬಹುದು. ಬಿಲ್ಲುಗಾರರು ಎರಡು ಮನೆ ದೂರದಿಂದ ಹೊಡೆಯುತ್ತಾರೆ. ಊರೂ ಎರಡು ಮನೆ ದೂರದವರೆಗೆ ತಾನೇ ಹೊಡೆಯುತ್ತದೆ. ನನ್ನ ನೆರೆಯವನ ರಾಜಧಾನಿ ಒಂದು ಕಣಿವೆಯ ಆಚೆ ಇತ್ತು. ಎಡಕ್ಕೆ ಪರ್ವತ, ಬಲಕ್ಕೆ ಕೆರೆ, ನಡುವೆ ಎರಡೇ ಮನೆ ಅಗಲದ ದಾರಿ. 4ರಲ್ಲಾಗಿದ್ದರೆ ಈ ಕಣಿವೆ ಒಂದೆರಡು ಟರ್ನ್‌ನಲ್ಲಿ ದಾಟಿ ಮರೆತುಹೋಗುವ ಜಾಗ. ಇಲ್ಲಿ ಅದೇ ಇಡೀ ಯುದ್ಧ. ಮುಂದೆ ಕತ್ತಿಯವರು, ಹಿಂದೆ ಬಿಲ್ಲುಗಾರರು, ಅವರ ಹಿಂದೆ ಇನ್ನೊಂದು ಸಾಲು. ಮುಂದಿನವನು ಗಾಯಗೊಂಡರೆ ಹಿಂದೆ ಬರಲು ದಾರಿ ಇಲ್ಲ. ಕಾಡಿನ ಹಿಂದೆ ನಿಂತ ಬಿಲ್ಲುಗಾರನಿಗೆ ಗುರಿ ಕಾಣುವುದಿಲ್ಲ. ಅವನನ್ನೇ ಪಕ್ಕದ ಗುಡ್ಡದ ಮೇಲೆ ನಿಲ್ಲಿಸಿದರೆ ಕಾಡಿನಾಚೆ ಹೊಡೆಯುತ್ತಾನೆ. ಆ ಒಂದು ಗುಡ್ಡದ ಮನೆಗಾಗಿ ನಾನು ಎಷ್ಟು ಹೊತ್ತು ಕೂತೆನೆಂದರೆ ಚಹಾ ಆರಿಹೋಗಿತ್ತು. ಕೊನೆಗೆ ಯುದ್ಧ ಗೆದ್ದುಕೊಟ್ಟಿದ್ದೂ ಅದೇ ಮನೆ.

ಇಲ್ಲಿಯೇ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಎದುರಾಳಿ ತನ್ನ ಬಿಲ್ಲುಗಾರರನ್ನು ಕತ್ತಿಯವರಿಗಿಂತ ಮುಂದೆ ತಂದು ನಿಲ್ಲಿಸಿದ. ಮತ್ತೆ ಮತ್ತೆ ಹಾಗೇ ಮಾಡಿದ. ಯಾವಾಗ ಎಂಬ ಪ್ರಶ್ನೆಯನ್ನು ಕಂಪ್ಯೂಟರ್ ಚೆನ್ನಾಗಿ ಬಿಡಿಸುತ್ತದೆ. ಬಲ ಕೂಡಿಸು, ಹೋಲಿಸು, ಹೊರಡು, ಅಷ್ಟೇ. ಎಲ್ಲಿ ಎಂಬ ಪ್ರಶ್ನೆ ಅದಕ್ಕೆ ಕಷ್ಟ. 4ರ ಮುಖ್ಯ ವಿನ್ಯಾಸಕ ಸೋರೆನ್ ಜಾನ್ಸನ್ ಅದರ ಎಐ, ಅಂದರೆ ಕಂಪ್ಯೂಟರ್ ಎದುರಾಳಿಯ ಬುದ್ಧಿ, ಬರೆದವರೂ ಹೌದು. ಅದರ ಮೇಲೆ ಆಟಗಾರರು ತಿದ್ದಿ ಬೆಳೆಸಿದ ಎಐ ಕೆಲಸ ಬಿಯಾಂಡ್ ದ ಸೋರ್ಡ್‌ಗೂ ಸೇರಿತು. ಅದಕ್ಕೇ 4ರ ನೆರೆಯವನು ಇವತ್ತಿಗೂ ನಮ್ಮನ್ನು ಹೆದರಿಸುತ್ತಾನೆ. 5ರ ನೆರೆಯವನಿಗೆ ಸೈನ್ಯ ಜಾಸ್ತಿ ಇದ್ದರೂ ಕಣಿವೆಯಲ್ಲಿ ಸಿಕ್ಕಿಕೊಂಡು ಕರಗುತ್ತಾನೆ. ಹೊಸ ಗೇಮ್‌ಗಳಲ್ಲಿ ಎಐ ದಡ್ಡ ಎಂದು ಬಯ್ಯುವುದು ರೂಢಿ. ನನ್ನ ಮಟ್ಟಿಗೆ ಎಐ ಹಿಂದೆ ಹೋಗಿಲ್ಲ, ಪ್ರಶ್ನೆ ಬದಲಾಗಿದೆ.

5ರ ಬೇರೆ ಸಂಗತಿ ಬೇಗ ಹೇಳಿಬಿಡುತ್ತೇನೆ. ಊರಿನ ಖರ್ಚಿನ ಬದಲು ಇಡೀ ರಾಜ್ಯಕ್ಕೆ ಒಂದೇ ಸಂತೋಷದ ಅಳತೆ. ಭಾರತಕ್ಕೆ ಊರಿನ ಲೆಕ್ಕದ ಅಸಂತೋಷ ದುಪ್ಪಟ್ಟು, ಜನರ ಲೆಕ್ಕದ್ದು ಅರ್ಧ. ಹಾಗಾಗಿ ನಾಲ್ಕೇ ದೊಡ್ಡ ಊರು ಇಟ್ಟುಕೊಂಡು ಕೂತೆ. ಶಾಂತಿಯ ಕಾಲದಲ್ಲಿ ಟರ್ನ್ ಮೇಲೆ ಟರ್ನ್ ಒತ್ತುವುದೇ ಕೆಲಸ. ನೋಟ್‌ಬುಕ್‌ನ ಈ ಭಾಗ ಖಾಲಿ.

6ರಲ್ಲಿ ಆ ಖಾಲಿ ಜಾಗ ತುಂಬಿತು. ವಿನ್ಯಾಸಕ ಎಡ್ ಬೀಚ್ ಮುಂದಾಳತ್ವದಲ್ಲಿ ಬಂದ ಈ ಗೇಮಿನಲ್ಲಿ ಊರು ಒಂದೇ ಮನೆಯಲ್ಲಿ ಮುಗಿಯುವುದಿಲ್ಲ. ವಿದ್ಯೆಗೆ ಕ್ಯಾಂಪಸ್, ಪೂಜೆಗೆ ಹೋಲಿ ಸೈಟ್, ಹೀಗೆ ಒಂದೊಂದು ಡಿಸ್ಟ್ರಿಕ್ಟ್‌ಗೂ ಹೊರಗೆ ಒಂದೊಂದು ಮನೆ ಬೇಕು. ಅಕ್ಕಪಕ್ಕ ಏನಿದೆ ಎನ್ನುವುದರ ಮೇಲೆ ಅದರ ಫಲ. ಕ್ಯಾಂಪಸ್‌ಗೆ ತಾಗಿದ ಒಂದೊಂದು ಪರ್ವತಕ್ಕೂ 1 ವಿಜ್ಞಾನ. ನನಗೆ ಮೂರು ಕಡೆ ಪರ್ವತ ಇರುವ ಒಂದು ಮನೆ ಸಿಕ್ಕಿತು. ಅದನ್ನು ಸುತ್ತಿಕೊಂಡೇ ಊರು ಎಲ್ಲಿ ಇಡಬೇಕು ಎಂದು ನಿರ್ಧರಿಸಿದೆ. ಸೈಟು ಕೊಂಡವರು ಬಾವಿ ಎಲ್ಲಿ, ಅಡುಗೆಮನೆ ಎಲ್ಲಿ ಎಂದು ಕಾಗದದ ಮೇಲೆ ಗೆರೆ ಎಳೆಯುವ ಹಾಗೆ, ಊರು ಕಟ್ಟಲು ಹೋಗುವ ಸೆಟ್ಲರ್ ಹೊರಡುವ ಮೊದಲೇ ಮ್ಯಾಪಿನ ಮೇಲೆ ಪಿನ್ ಚುಚ್ಚಿಟ್ಟೆ.

ಇಲ್ಲೊಂದು ಕೈಚಳಕ ಹೇಳಲೇಬೇಕು. ಡಿಸ್ಟ್ರಿಕ್ಟ್ ಬೆಲೆ ನಾವು ಕಲಿತಷ್ಟೂ ಏರುತ್ತಾ ಹೋಗುತ್ತದೆ. ಆದರೆ ಜಾಗದಲ್ಲಿ ಅಡಿಪಾಯ ಇಟ್ಟುಬಿಟ್ಟರೆ ಬೆಲೆ ಅಲ್ಲಿಗೇ ನಿಲ್ಲುತ್ತದೆ. ಇಟ್ಟು ಬಿಟ್ಟು ಬೇರೆ ಕೆಲಸ ಮಾಡಿಕೊಂಡು ಬಂದರೂ ಹಳೇ ಬೆಲೆಯೇ. ಜನಸಂಖ್ಯೆ 1, 4, 7 ಆದಾಗ ಒಂದೊಂದು ಡಿಸ್ಟ್ರಿಕ್ಟ್‌ಗೆ ಜಾಗ ತೆರೆಯುತ್ತದೆ. ತೆರೆದ ಟರ್ನ್‌ನಲ್ಲೇ ಅಡಿಪಾಯ ಇಡುವುದನ್ನು ಅಭ್ಯಾಸ ಮಾಡಿಕೊಂಡೆ. 6ರಲ್ಲಿ ಯಾವಾಗ ಎನ್ನುವುದಕ್ಕೆ ಉಳಿದಿರುವ ಒಳ್ಳೆಯ ಜಾಗಗಳಲ್ಲಿ ಇದೂ ಒಂದು.

ಭಾರತಕ್ಕೆ ಇಲ್ಲಿ ಮೆಟ್ಟಿಲು ಬಾವಿ ಇದೆ. ಅನ್ನವೂ ಕೊಡುತ್ತದೆ, ಜನ ಇರಲು ಜಾಗವೂ ಕೊಡುತ್ತದೆ. ಗುಡ್ಡದ ಮೇಲೆ ಕಟ್ಟಲು ಬರುವುದಿಲ್ಲ. ಲಕ್ಕುಂಡಿಯ ಮುಸುಕಿನ ಬಾವಿ ನೋಡಿದವರಿಗೆ ಆ ಪುಟ್ಟ ಚಿತ್ರ ಮ್ಯಾಪಿನ ಮೇಲೆ ಕಂಡಾಗ ಆಗುವ ಖುಷಿ ಬೇರೆ. ನಾಯಕ ಚಂದ್ರಗುಪ್ತ. ಕೊನೆಗಾಲದಲ್ಲಿ ಶ್ರವಣಬೆಳಗೊಳಕ್ಕೆ ಬಂದ ಎಂದು ಜೈನ ಪರಂಪರೆ ಹೇಳುವ ಅದೇ ಚಂದ್ರಗುಪ್ತ. ಅವನ ಅರ್ಥಶಾಸ್ತ್ರದ ಗುಣ ನನ್ನ ಯುದ್ಧಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ನಾಡು ವಿಸ್ತರಿಸುವ ಯುದ್ಧ ಸಾರಿದರೆ ಮೊದಲ 10 ಟರ್ನ್ ನಡಿಗೆಗೆ 2, ಬಲಕ್ಕೆ 5 ಜಾಸ್ತಿ. ಗುಡ್ಡ ಹತ್ತಲು ಪೂರ್ತಿ ನಡಿಗೆ ಕೈಯಲ್ಲಿರಬೇಕು ಎಂದು ಹಿಡಿದು ನಿಲ್ಲಿಸುವ ಈ ಗೇಮಿನಲ್ಲಿ ಆ 2 ದೊಡ್ಡ ವರ. ಜೊತೆಗೆ ವರು ಎಂಬ ಆನೆ. ಅದರ ಪಕ್ಕ ನಿಂತ ಶತ್ರುವಿನ ಬಲ 5 ಇಳಿಯುತ್ತದೆ. ಎರಡು ಆನೆ ಪಕ್ಕದಲ್ಲಿದ್ದರೆ 10. ಮತ್ತೆ ಅದೇ ಪ್ರಶ್ನೆ, ಎಲ್ಲಿ ನಿಲ್ಲಿಸಲಿ?

ಕಷ್ಟ ಬೇಕೆಂದು ಡೀಟಿ ಎಂಬ ಅತಿ ಕಷ್ಟದ ಮಟ್ಟಕ್ಕೂ ಹೋಗಿ ನೋಡಿದೆ. ಅಲ್ಲಿ ಕಂಪ್ಯೂಟರ್ ಮೂರು ಸೆಟ್ಲರ್ ಇಟ್ಟುಕೊಂಡು ಹೊರಡುತ್ತದೆ, ನಮಗೆ ಒಂದೇ. ಮೊದಲ 50 ಟರ್ನ್ ನಿಜಕ್ಕೂ ಬಿಗಿ. ಅದು ದಾಟಿದರೆ ಎದುರಾಳಿ ಜಾಗ ಹಾಳು ಮಾಡಿಕೊಂಡಿರುವುದು ಕಾಣುತ್ತದೆ, ಬಿಗಿ ಸಡಿಲವಾಗುತ್ತದೆ.

7ರಲ್ಲಿ ನನ್ನ ಲೆಕ್ಕ ಪೂರ್ತಿ ಕೂಡಿ ಬರಲಿಲ್ಲ. 2025ರ ಫೆಬ್ರವರಿಯಲ್ಲಿ ಬಂದ ಈ ಗೇಮಿನಲ್ಲಿ ಎರಡನೇ ಯುಗಕ್ಕೆ ಕಡಲಾಚೆಯ ನೆಲ ಬೇಕೇ ಬೇಕು. ಹಾಗಾಗಿ ಮ್ಯಾಪ್ ಅದು ಕೊಟ್ಟದ್ದೇ ತೆಗೆದುಕೊಂಡೆ. ನಾಯಕ ಬೇರೆ, ನಾಡು ಬೇರೆ. ಅಶೋಕನನ್ನು ಹಿಡಿದು ಮೌರ್ಯರಿಂದ ಶುರು ಮಾಡಿದೆ. ಅವನ ಶಾಸನಗಳು ನಮ್ಮ ಮಸ್ಕಿ, ಬ್ರಹ್ಮಗಿರಿಗಳಲ್ಲಿವೆ ಎಂಬ ಸಲಿಗೆ ಬೇರೆ ಇತ್ತು. ಯುಗ ಬದಲಾದಾಗ ಚೋಳರಾದೆ. ಹೊಯ್ಸಳರೋ ವಿಜಯನಗರವೋ ಆ ಜಾಗದಲ್ಲಿ ಇದ್ದಿದ್ದರೆ ಎಂದು ಅನ್ನಿಸದೆ ಇರಲಿಲ್ಲ.

ಸೈನ್ಯದ ವಿಷಯದಲ್ಲಿ 7 ಮಾಡಿರುವ ಕೆಲಸ ನನಗೆ ತುಂಬಾ ಹಿಡಿಸಿತು. ಕಮಾಂಡರ್ ಎಂಬ ಯೂನಿಟ್ ಇದೆ. ಶುರುವಿನಲ್ಲಿ ನಾಲ್ಕು ದಂಡನ್ನು ಒಳಗೆ ಸೇರಿಸಿಕೊಂಡು ಒಂದೇ ಮನೆಯಲ್ಲಿ ನಡೆಯುತ್ತದೆ, ಯುದ್ಧದ ಜಾಗಕ್ಕೆ ಬಂದು ಅವರನ್ನು ಹರಡುತ್ತದೆ. ದಾರಿಯಲ್ಲಿ 4ರ ಸುಖ, ಗೋಡೆಯ ಮುಂದೆ 5ರ ಸೊಗಸು. ಆ ಕಣಿವೆ ಇಲ್ಲಿ ಸಿಕ್ಕಿದ್ದರೆ ಅರ್ಧ ಹೊತ್ತು ಉಳಿಯುತ್ತಿತ್ತು.

ಯಾವಾಗ ಎಂಬ ಪ್ರಶ್ನೆಗೆ ಮಾತ್ರ ಇಲ್ಲಿ ಉತ್ತರ ಗೇಮ್ ಕೈಯಲ್ಲಿದೆ. ಯುಗ ಎಷ್ಟು ಕಳೆದಿದೆ ಎಂದು ಶೇಕಡಾ ಲೆಕ್ಕ ಪರದೆಯ ಮೇಲೆ ಕಾಣುತ್ತದೆ. ಯಾರಾದರೂ ದೊಡ್ಡ ಗುರಿ ಮುಟ್ಟಿದರೆ ಅದು ಇನ್ನೂ ಬೇಗ ಓಡುತ್ತದೆ. ತುಂಬಿದ ಕೂಡಲೇ ಎಲ್ಲರಿಗೂ ಒಟ್ಟಿಗೆ ಯುಗ ಮುಗಿಯುತ್ತದೆ. ರಾಜಧಾನಿ ಬಿಟ್ಟು ಮಿಕ್ಕ ನಗರಗಳು ಮತ್ತೆ ಟೌನ್, ಅಂದರೆ ಸಣ್ಣ ಊರು, ಆಗುತ್ತವೆ. 4ರಲ್ಲಿ ತಡ ಮಾಡಿದರೆ ನೆರೆಯವನ ಲಾಂಗ್‌ಬೋ ನನಗೆ ಬುದ್ಧಿ ಕಲಿಸುತ್ತಿತ್ತು. ಅದು ಅವನ ಶ್ರಮಕ್ಕೆ ಸಂದ ಗೆಲುವು. ಇಲ್ಲಿ ತಡ ಮಾಡಿದರೆ ಸೀಟಿ ಊದಿ ಆಟ ನಿಲ್ಲಿಸುತ್ತಾರೆ. ಕೊನೆಯಲ್ಲಿ ಒಬ್ಬನೇ ಬಹಳ ಮುಂದೆ ಹೋಗಿ ಆಟ ಸಪ್ಪೆಯಾಗುವುದನ್ನು ತಡೆಯಲು ಇದು ಬೇಕಾಗಿತ್ತು ಎನ್ನುವುದನ್ನು ಒಪ್ಪುತ್ತೇನೆ. 6ರ ಕೊನೆಯ 100 ಟರ್ನ್ ಆಡಿದ ಯಾರಾದರೂ ಒಪ್ಪುತ್ತಾರೆ. ಆದರೂ ನನ್ನ ತಪ್ಪಿಗೆ ನನ್ನ ನೆರೆಯವನೇ ದಂಡ ವಿಧಿಸಬೇಕು ಎನ್ನುವವನು ನಾನು.

ಹೊಸದಾಗಿ ಶುರು ಮಾಡುವವರು ಕೇಳಿದರೆ 6 ಎನ್ನುತ್ತೇನೆ. ಮ್ಯಾಪಿನ ಮೇಲೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ತಪ್ಪಿದರೂ ಯಾಕೆ ತಪ್ಪಿತು ಎಂದು ತಿಳಿಯುತ್ತದೆ. ಕಂಪ್ಯೂಟರ್ ಜೊತೆ ನಿಜವಾದ ಹೋರಾಟ ಬೇಕೆನ್ನುವವರಿಗೆ 4. ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ನೋಬಲ್ ಮಟ್ಟ ಹಿಡಿಯಿರಿ, ಅಶೋಕನನ್ನು ತೆಗೆದುಕೊಳ್ಳಿ. ಅವನಿಗೆ ಪದ್ಧತಿ ಬದಲಿಸುವಾಗ ಅರಾಜಕತೆಯ ಟರ್ನ್ ಕಳೆಯುವುದಿಲ್ಲ. ಹಾಗಾಗಿ ಗುಲಾಮಗಿರಿಗೆ ಹೋಗಿ, ಸೈನ್ಯ ಕಟ್ಟಿ, ಅದರಿಂದ ಹೊರಗೆ ಬರಬಹುದು. ಮನೆಯಲ್ಲಿ ಜೊತೆಗೆ ಆಡುವವರು ಇದ್ದರೆ 4ರಲ್ಲೂ 6ರಲ್ಲೂ ಹಾಟ್‌ಸೀಟ್ ಇದೆ, ಒಂದೇ ಲ್ಯಾಪ್‌ಟಾಪನ್ನು ಸರದಿಯ ಮೇಲೆ ತಿರುಗಿಸಿಕೊಂಡು ಆಡಬಹುದು. ನಾನೂ ನನ್ನ ತಮ್ಮನೂ ಈಗ ಭಾನುವಾರ 6ರಲ್ಲಿ ಹಾಗೇ ಆಡುತ್ತಿದ್ದೇವೆ. ಎದುರಿಗೆ ಮನುಷ್ಯ ಕೂತರೆ ಕಣಿವೆಯ ಬಾಯಲ್ಲಿ ಬಿಲ್ಲುಗಾರ ಯಾವತ್ತೂ ಮುಂದೆ ನಿಲ್ಲುವುದಿಲ್ಲ. ಹಾಗಾಗಿ ಸದ್ಯಕ್ಕೆ 6ರಲ್ಲೇ ಇದ್ದು, 7ರ ಅಪ್‌ಡೇಟ್‌ಗಳನ್ನು ನೋಡಿಕೊಂಡು ಅದನ್ನು ಮುಂದಿನ ವರ್ಷ ಮತ್ತೆ ಹಾಕುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.