ಲೈಟ್ ಆರಿಸಿದ್ದಾಯ್ತು, ಈಗ ಬಿಸಿನೀರಿನ ಕಡೆ ನೋಡಿ

ಮನೆಯಿಂದ ಗಾಳಿಗೆ ಸೇರುವ ಇಂಗಾಲ ಕಡಿಮೆ ಮಾಡಬೇಕು ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಲೈಟ್ ಆರಿಸುವುದು. ಆರಿಸಿ, ಒಳ್ಳೆಯದೇ. ಆದರೆ ಜಾಸ್ತಿ ಕರೆಂಟ್ ಎಳೆಯುವುದು ಬಿಸಿ ಮಾಡುವ, ತಂಪು ಮಾಡುವ ಸಾಮಾನುಗಳು. ಲೆಕ್ಕ ನೋಡಿ: 20 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಹತ್ತಿರ ಹತ್ತಿರ ಅರ್ಧ ಯೂನಿಟ್ ಬೇಕು, ಅಷ್ಟೇ ಕರೆಂಟಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬ್ 50 ಗಂಟೆ ಉರಿಯುತ್ತದೆ!

ಹಾಗಾಗಿ ಗೀಸರ್ ಬೇಕಾದಾಗ ಮಾತ್ರ ಹಾಕಿ. ದಿನವಿಡೀ ಆನ್ ಇದ್ದರೆ ಟ್ಯಾಂಕಿನ ಬಿಸಿ ಸುಮ್ನೆ ಹೊರಗೆ ಹೋಗುತ್ತಿರುತ್ತದೆ, ಅದು ಮತ್ತೆ ಮತ್ತೆ ಕಾಯಿಸುತ್ತಿರುತ್ತದೆ. ತೀರಾ ಕೊಳೆಯಾಗದ ಬಟ್ಟೆಗೆ ತಣ್ಣೀರು ಸಾಕು, ವಾಷಿಂಗ್ ಮೆಷಿನ್ ಬಿಸಿನೀರಿನಲ್ಲಿ ಒಗೆದರೆ ಕರೆಂಟಿನ ಬಹುಪಾಲು ನೀರು ಕಾಯಿಸುವುದಕ್ಕೇ ಹೋಗುತ್ತದೆ.

ಒಲೆ ಮುಂದೆ ನಾನು ತುಂಬ ತಡವಾಗಿ ಕಲಿತದ್ದು ಇದು. ಪಾತ್ರೆಗೆ ಮುಚ್ಚಳ ಹಾಕಿ, ಕುದಿ ಬಂದ ಕೂಡಲೇ ಉರಿ ಸಣ್ಣ ಮಾಡಿ. ಕುದಿಯುವ ನೀರು ಎಷ್ಟು ಜೋರು ಉರಿ ಕೊಟ್ಟರೂ ಇನ್ನೂ ಬಿಸಿಯಾಗುವುದಿಲ್ಲ, ಆವಿ ಜಾಸ್ತಿ ಆಗುತ್ತದೆ ಅಷ್ಟೇ.

ಫ್ರಿಜ್ಜಿಗೆ ಒಂದು ಸಣ್ಣ ಪರೀಕ್ಷೆ ಇದೆ. ಒಂದು ಕಾಗದವನ್ನು ಬಾಗಿಲ ಸಂದಿಗೆ ಇಟ್ಟು ಬಾಗಿಲು ಮುಚ್ಚಿ, ಮೆಲ್ಲಗೆ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ರಬ್ಬರ್ ಸಡಿಲವಾಗಿದೆ. ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ, ಎಷ್ಟೋ ಸಲ ಜಿಡ್ಡೇ ಕಾರಣ. ಆಮೇಲೂ ಹಿಡಿಯದಿದ್ದರೆ ರಬ್ಬರ್ ಮಾತ್ರ ಬದಲಿಸಿ, ಫ್ರಿಜ್ ಬದಲಿಸಬೇಕಿಲ್ಲ.