ಹಳೆಯ ಫ್ರಿಜ್‌ಗೆ ಹೊಸ ಬಣ್ಣ ಬಳಿಯುವ ಬಗೆ
ದುಂಡು ಮೂಲೆಗಳ ಹಳೆಯ ಫ್ರಿಜ್ ಕೈಗೆ ಬಂದಾಗ ಮೊದಲು ಯೋಚಿಸಬೇಕಾದದ್ದು ಬಣ್ಣದ ಬಗ್ಗೆಯಲ್ಲ, ತಂಪು ಮಾಡಲು ಒಳಗಿನ ಕೊಳವೆಗಳಲ್ಲಿ ತುಂಬಿರುವ ಅನಿಲದ ಬಗ್ಗೆ. ಆ ಕಾಲದ ಯಂತ್ರಗಳಲ್ಲಿ ಸಾಮಾನ್ಯವಾಗಿದ್ದ ಆರ್-12 ಅನಿಲವು ಓಜೋನ್ ಪದರಕ್ಕೆ ಹಾನಿಕರವಾದುದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿತು. ಆದ್ದರಿಂದ ಕೊಳವೆಗಳನ್ನು ತಾವೇ ಕತ್ತರಿಸದೆ, ಅನಿಲವನ್ನು ಸಂಗ್ರಹಿಸುವ ಸಲಕರಣೆಯುಳ್ಳ ಮೆಕ್ಯಾನಿಕ್‌ಗೆ ಆ ಕೆಲಸವನ್ನು ಒಪ್ಪಿಸಬೇಕು. ಫ್ರಿಜ್ ಇನ್ನೂ ತಂಪು ಮಾಡುತ್ತಿದ್ದರೆ ಆ ಭಾಗವನ್ನು ಮುಟ್ಟದಿರುವುದೇ ಲೇಸು.

ಪ್ಲಗ್ ತೆಗೆದು, ಹಿಡಿಕೆ, ಲಾಂಛನ ಮತ್ತು ಬಾಗಿಲಂಚಿನ ರಬ್ಬರ್ ಪಟ್ಟಿಗಳಾದ ಗ್ಯಾಸ್ಕೆಟ್‌ಗಳನ್ನು ಬಿಚ್ಚಿದ ಮೇಲೆ ಮೈಯ ಜಿಡ್ಡನ್ನು ಸೋಪಿನ ನೀರಿನಿಂದ ಪೂರ್ತಿಯಾಗಿ ತೊಳೆಯಬೇಕು, ಏಕೆಂದರೆ ಜಿಡ್ಡು ಉಳಿದ ಕಡೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವವಿರುವುದರಿಂದ ಮಾಸ್ಕ್ ಧರಿಸಿ, 320ನೇ ನಂಬರಿನ ವಾಟರ್ ಪೇಪರ್‌ನಿಂದ ಒದ್ದೆಯಾಗಿಯೇ ಉಜ್ಜಬೇಕು. ತುಕ್ಕನ್ನು ಲೋಹ ಹೊಳೆಯುವವರೆಗೆ ತೆಗೆದು, ತಗ್ಗುಗಳಿಗೆ ಪುಟ್ಟಿ ತುಂಬಿ, ಬಣ್ಣ ಹಿಡಿಯಲು ಅಡಿಲೇಪವಾಗಿ ಎಪಾಕ್ಸಿ ಪ್ರೈಮರ್ ಹಚ್ಚಿ ಒಣಗಲು ಬಿಡಬೇಕು. ನಂತರ ಎನಾಮೆಲ್ ಬಣ್ಣವನ್ನು ತೆಳುವಾಗಿ ಮೂರು ಸಲ ಸಿಂಪಡಿಸಬೇಕು. ಒಂದೇ ಸಲಕ್ಕೆ ಮುಗಿಸುವ ಆತುರಕ್ಕೆ ಬಣ್ಣ ಇಳಿದು ಗೆರೆ ಕಟ್ಟುವುದೇ ಫಲ. ಗಟ್ಟಿಕಾರಕ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣದಿಂದ ಏಳುವ ಐಸೊಸಯನೇಟ್ ಎಂಬ ರಾಸಾಯನಿಕದ ಆವಿ ಶ್ವಾಸಕ್ಕೆ ಅಪಾಯಕಾರಿ, ಅದು ಮನೆಯ ಕೆಲಸಕ್ಕೆ ತಕ್ಕದ್ದಲ್ಲ.

ಒಳಗಿನಿಂದ ತೆರೆಯಲಾಗದ ಹಳೆಯ ಚಿಲಕವಿದ್ದರೆ, ಮಕ್ಕಳು ಒಳಗೆ ಸಿಕ್ಕಿಬೀಳದಂತೆ ಅದನ್ನು ತೆಗೆದು ಆಯಸ್ಕಾಂತದ ಗ್ಯಾಸ್ಕೆಟ್ ಹಾಕಿಸಬೇಕು.